ಎರಡು ಸರ್ವರಿನ ಕ್ಲಸ್ಟರಲ್ಲಿ ಡೇಟಾಬೇಸ್, ಮಾಡಿ ಗೊತ್ತಿದ್ದವರು ಸ್ವಲ್ಪ ಹೇಳಿ

ಬದಿಯಡ್ಕದಿಂದ:
ನಮ್ಮ ಸೊಸೈಟಿಯಲ್ಲಿ ಎರಡು ಸರ್ವರ್ ಉಂಟು, ಒಂದು ಬಿದ್ರೆ ಇನ್ನೊಂದು ಕೆಲಸ ವಹಿಸಿಕೊಳ್ಳುವ ಹಾಗೆ ಕ್ಲಸ್ಟರ್ ಮಾಡ್ಲಿಕ್ಕೆ ಪೇಸ್‌ಮೇಕರ್ (ಸರ್ವೀಸುಗಳನ್ನು ಎಬ್ಬಿಸುವ, ನಿಲ್ಲಿಸುವ ಸಾಫ್ಟ್‌ವೇರ್), ಕೊರೊಸಿಂಕ್ (ಸರ್ವರುಗಳು ಪರಸ್ಪರ ಮಾತಾಡುವ ಸಾಫ್ಟ್‌ವೇರ್) ಹಾಕಿ ಆಯ್ತು, ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೇಟಾ ಡಿಆರ್‌ಬಿಡಿ ಮೇಲೆ, ಅಂದ್ರೆ ಎರಡೂ ಸರ್ವರಿನ ಡಿಸ್ಕಲ್ಲಿ ಒಂದೇ ಡೇಟಾದ ನಕಲು ಇಡುವ ವ್ಯವಸ್ಥೆ. ಒಂದನ್ನು ಆಫ್ ಮಾಡಿದ್ರೆ ಇನ್ನೊಂದ್ರಲ್ಲಿ ಡೇಟಾಬೇಸ್ ಒಮ್ಮೊಮ್ಮೆ ಏಳ್ತದೆ, ಒಮ್ಮೊಮ್ಮೆ ಫೇಲ್ಡ್ ಅಂತ ಕೂತುಬಿಡ್ತದೆ. ಸ್ಟೊನಿತ್ (ಕೈಕೊಟ್ಟ ಸರ್ವರನ್ನು ಇನ್ನೊಂದು ಬಲವಂತವಾಗಿ ಆಫ್ ಮಾಡುವ ವ್ಯವಸ್ಥೆ) ಸದ್ಯ ಆಫ್ ಮಾಡಿಟ್ಟಿದ್ದೇವೆ. ಮಳೆಗಾಲ ಬಂತು, ನಮ್ಮಲ್ಲಿಯ ಕರೆಂಟಿನ ಕಥೆ ಗೊತ್ತುಂಟಲ್ಲ.

ಉಪ್ಪಳದಿಂದ:
ಮೊದ್ಲು ಸ್ಟಾರ್ಟ್ ಟೈಮ್‌ಔಟ್ (ಏಳಲಿಕ್ಕೆ ಕೊಡುವ ಸಮಯ) ಎಷ್ಟುಂಟು ನೋಡಿ. ಎಲ್ಲಿಯೂ ಎಂತದೂ ಬರೆಯದಿದ್ರೆ ಪೇಸ್‌ಮೇಕರ್ ಕಾಯುದು 20 ಸೆಕೆಂಡು ಮಾತ್ರ. ಪವರ್ ಹೋಗಿ ಬಿದ್ದ ಡೇಟಾಬೇಸ್ ಏಳುವಾಗ ವಾಲ್ ಫೈಲೆಲ್ಲ (ಬದಲಾವಣೆಗಳನ್ನು ಮೊದ್ಲೇ ಬರೆದಿಡುವ ಲಾಗ್) ಓದಿ ರಿಕವರಿ ಮಾಡಿಕೊಳ್ತದೆ, ಆ ಹೊತ್ತಲ್ಲಿ ವ್ಯವಹಾರ ಜಾಸ್ತಿ ಇದ್ರೆ ಅದಕ್ಕೆ ನಿಮಿಷಗಟ್ಟಲೆ ಹಿಡೀತದೆ, ಅಷ್ಟರಲ್ಲಿ ಕ್ಲಸ್ಟರ್ ಇದು ಏಳುದಿಲ್ಲ ಅಂತ ತೀರ್ಮಾನ ಮಾಡಿ ಅದನ್ನೇ ನಿಲ್ಲಿಸ್ತದೆ, ಮತ್ತೆ ಸ್ಟಾರ್ಟ್ ಒಮ್ಮೆ ಫೇಲ್ ಆದ್ರೆ ಡಿಫಾಲ್ಟಲ್ಲಿ ನೀವು ಕ್ಲೀನಪ್ (ಫೇಲ್ ಆದ ಲೆಕ್ಕ ಅಳಿಸುವ ಕಮಾಂಡ್) ಕೊಡುವವರೆಗೆ ಆ ನೋಡಿನ (ಕ್ಲಸ್ಟರಿನ ಸರ್ವರಿನ) ಕಡೆ ತಿರುಗಿಯೂ ನೋಡುದಿಲ್ಲ. ನಿಮ್ಮ "ಒಮ್ಮೊಮ್ಮೆ" ಹೆಚ್ಚಾಗಿ ಇದೇ. 300 ಸೆಕೆಂಡ್ ಕೊಡಿ, ಸ್ಟಾಪಿಗೂ ಅಷ್ಟೇ ಕೊಡಿ.
ಇನ್ನೊಂದು, ಪೋಸ್ಟ್‌ಗ್ರೆಸ್ಸನ್ನು ಸಿಸ್ಟಮ್‌ಡಿಯಲ್ಲಿ (ಲಿನಕ್ಸ್ ಬೂಟ್ ಆಗುವಾಗ ಸರ್ವೀಸುಗಳನ್ನು ಎಬ್ಬಿಸುವಂಥದ್ದು) ಡಿಸೇಬಲ್ ಮಾಡಿದ್ದೀರಾ? ಎಬ್ಬಿಸುವ ಕೆಲಸ ಕ್ಲಸ್ಟರಿನದ್ದು ಮಾತ್ರ.

ಕುಂಬಳೆಯಿಂದ:
ಫೈಲ್‌ಸಿಸ್ಟಮ್, ಪೋಸ್ಟ್‌ಗ್ರೆಸ್, ವರ್ಚುವಲ್ ಐಪಿ (ಡೇಟಾಬೇಸ್ ಇರುವ ಸರ್ವರಿಗೆ ಜೊತೆಗೇ ಹೋಗುವ ಐಪಿ ಅಡ್ರೆಸ್) ಮೂರನ್ನೂ ಇದೇ ಕ್ರಮದಲ್ಲಿ ಒಂದು ಗ್ರೂಪಿಗೆ ಹಾಕಿ. ಐಪಿ ಕೊನೆಗೆ ಬಂದ್ರೆ ಡೇಟಾಬೇಸ್ ರೆಡಿ ಆಗುವ ಮೊದ್ಲೇ ಕೌಂಟರಿನ ಕಂಪ್ಯೂಟರುಗಳು ಬಂದು ಬಾಗಿಲು ಬಡಿಯುದಿಲ್ಲ. ಆದ್ರೆ ಲಿಸನ್ ಅಡ್ರೆಸ್ಸಲ್ಲಿ (ಪೋಸ್ಟ್‌ಗ್ರೆಸ್ ಯಾವ ಐಪಿಗೆ ಕಿವಿ ಕೊಡ್ಬೇಕು ಅಂತ ಹೇಳುವ ಸೆಟ್ಟಿಂಗ್) ಆ ಐಪಿಯನ್ನೇ ಬರೆದಿದ್ರೆ ಐಪಿ ಮೊದ್ಲು ಬೇಕು, ಅಲ್ಲಿ ನಕ್ಷತ್ರ (*, ಅಂದ್ರೆ ಎಲ್ಲ ಐಪಿ) ಹಾಕಿದ್ರೆ ತಲೆಬಿಸಿ ಇಲ್ಲ. ಡಿಆರ್‌ಬಿಡಿ ಗ್ರೂಪಿಗೆ ಸೇರುದಿಲ್ಲ, ಅದು ಬೇರೆಯೇ ಕ್ಲೋನ್ (ಎರಡೂ ನೋಡಲ್ಲಿ ಓಡುವಂಥದ್ದು). ಅದು ಪ್ರಮೋಟ್ ಆದ, ಅಂದ್ರೆ ಬರೆಯುವ ಅಧಿಕಾರ ಸಿಕ್ಕಿದ ನೋಡಿನಲ್ಲೇ ಗ್ರೂಪ್ ಇರ್ಬೇಕು, ಪ್ರಮೋಟ್ ಆದ ಮೇಲೆಯೇ ಏಳ್ಬೇಕು ಅಂತ ಕೊಲೊಕೇಶನ್, ಆರ್ಡರ್ ಎರಡೂ ಬರೀರಿ. ಒಂದೇ ಬರೆದು ಬಿಡುವವರೇ ಹೆಚ್ಚು.

ಮುಳ್ಳೇರಿಯದಿಂದ:
ಸ್ಟೊನಿತ್ ಆಫ್ ಅಂತ ಓದಿಯೇ ಹೆದರಿಕೆ ಆಯ್ತು ಮಾರಾಯ್ರೆ. ನಡುವಿನ ಕೇಬಲ್ ಕಡಿದ್ರೆ ಎರಡೂ ನೋಡುಗಳು ಆಚೆಯದ್ದು ಸತ್ತಿತು ಅಂತ ತಿಳ್ಕೊಂಡು ಎರಡೂ ಕಡೆ ಬರೆಯಲಿಕ್ಕೆ ಶುರು ಮಾಡ್ತವೆ, ಮತ್ತೆ ಯಾವ ಎಂಟ್ರಿ ಇಟ್ಟುಕೊಳ್ಳುದು, ಯಾವುದು ಬಿಸಾಡುದು? ಸ್ಟೊನಿತ್ ಆನ್ ಆಗದೆ ಲೈವ್ ಹೋಗ್ಬೇಡಿ. ಐಪಿಎಂಐ (ಸರ್ವರನ್ನು ದೂರದಿಂದಲೇ ಆನ್, ಆಫ್ ಮಾಡುವ, ಅದರೊಳಗಿನ ಚಿಪ್) ಇದ್ರೆ ಅದನ್ನೇ ಹಾಕಿ, ಒಂದು ಕಡೆಗೆ ಮಾತ್ರ ಸ್ವಲ್ಪ ಡಿಲೇ ಕೊಡಿ, ಇಲ್ಲದಿದ್ರೆ ಇಬ್ಬರೂ ಒಟ್ಟಿಗೆ ಒಬ್ಬರನ್ನೊಬ್ಬರು ಆಫ್ ಮಾಡ್ತಾರೆ. ನಮ್ಮ ಊರಿಗೆ ಇನ್ನೊಂದು ಸಮಸ್ಯೆ ಉಂಟು: ಸರ್ವರಿಗೆ ಪೂರ್ತಿ ಪವರ್ ಹೋದ್ರೆ ಐಪಿಎಂಐಯೂ ಸಾಯ್ತದೆ, ಫೆನ್ಸ್ ಆಯ್ತು (ಆ ಸರ್ವರ್ ಆಫ್ ಆಯ್ತು) ಅಂತ ಉತ್ತರ ಬರುದಿಲ್ಲ, ಉತ್ತರ ಬರದೆ ಆಚೆ ನೋಡ್ ಡೇಟಾಬೇಸ್ ಎಬ್ಬಿಸುದಿಲ್ಲ. ಅದಕ್ಕೆ ಎರಡನೇ ಲೆವೆಲಿಗೆ ನೆಟ್‌ವರ್ಕ್ ಪಿಡಿಯು (ದೂರದಿಂದ ಸರ್ವರಿನ ಕರೆಂಟ್ ಕಡಿಯುವ ಪವರ್ ಸ್ಟ್ರಿಪ್) ಬೇಕು, ಯುಪಿಎಸ್ಸೂ ಎರಡಕ್ಕೆ ಬೇರೆ ಬೇರೆ.
ಕೊರೊಸಿಂಕಲ್ಲಿ ಟೂ ನೋಡ್ ಸೆಟ್ಟಿಂಗ್ ಹಾಕಿದ್ರೆ ವೇಟ್ ಫಾರ್ ಆಲ್ (ಎದ್ದಾಗ ಮೊದ್ಲು ಎಲ್ಲ ನೋಡುಗಳೂ ಬರುವವರೆಗೆ ಕಾಯುದು) ತನ್ನಷ್ಟಕ್ಕೆ ಆನ್ ಆಗ್ತದೆ. ಎರಡೂ ಆಫ್ ಆಗಿ ಬೆಳಿಗ್ಗೆ ಒಂದೇ ಎದ್ರೆ ಅದು ಇನ್ನೊಂದನ್ನು ಕಾಣುವವರೆಗೆ ಸುಮ್ಮನೆ ಕೂತಿರ್ತದೆ, ಹಾಳಾದದ್ದಲ್ಲ.

ಬದಿಯಡ್ಕದಿಂದ:
ಲಾಗಲ್ಲಿ ಸ್ಟಾರ್ಟ್ ಟೈಮ್ಡ್ ಔಟ್ ಅಂತಲೇ ಉಂಟು, 20 ಸೆಕೆಂಡೇ. ಬದಲಾಯಿಸ್ತೇನೆ. ಐಪಿಎಂಐ ಉಂಟು, ಪಿಡಿಯು ವಿಷಯ ಸೆಕ್ರೆಟರಿ ಹತ್ರ ಕೇಳ್ಬೇಕು, ಕೊಟೇಶನ್ ನೋಡಿದ್ರೆ ಎಂತ ಹೇಳ್ತಾರೋ.