ಪದ ಬೇಕು: ಬೆಳ್ಳುಳ್ಳಿ ‘ಕಷಾಯ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಉಡುಪಿ ಹತ್ತಿರದ ಮಟ್ಟು, ಕಟಪಾಡಿ ಕಡೆಯ ಗುಳ್ಳ ಬದನೆ ಬೆಳೆಗಾರರಿಗೆ ಎರಡು ಪುಟದ ಕರಪತ್ರ ಬರೆಯಲು ಕೂತಿದ್ದೇನೆ. ಅಂಗಡಿಯ ವಿಷ ತರದೆ ಗಿಡದ ರೋಗಕ್ಕೆ ಏನು ಮಾಡಬಹುದು ಅನ್ನುವುದು ವಿಷಯ. ಮೂರನೇ ಸಾಲಿನಲ್ಲೇ ಪೆನ್ನು ನಿಂತಿತು.

ಬೆಳ್ಳುಳ್ಳಿಯಿಂದ ಮಾಡುವ ಮದ್ದಿಗೆ ಕಷಾಯ ಅನ್ನುವುದನ್ನೇ ಕೇಳಿದ್ದೇನೆ, ಹಾಗೇ ಬರೆದೂ ಬಿಟ್ಟೆ. ಆಮೇಲೆ ಸಂಶಯ ಬಂತು. ನಮ್ಮ ಮನೆಗಳಲ್ಲಿ ಕಷಾಯ ಅಂದರೆ ಕುದಿಸಿದ್ದು, ಅಲ್ವಾ? ಕೊತ್ತಂಬರಿ ಜೀರಿಗೆಯದ್ದಾಗಲಿ, ಶುಂಠಿಯದ್ದಾಗಲಿ. ಆದರೆ ಬೆಳ್ಳುಳ್ಳಿಯನ್ನು ಕುದಿಸಿದರೆ ಕೆಲಸವೇ ಕೆಡುತ್ತದೆ.

ಬೂಷ್ಟು, ಬ್ಯಾಕ್ಟೀರಿಯಾಗಳನ್ನು ತಡೆಯುವ ಅಲಿಸಿನ್ ಇಡೀ ಎಸಳಿನಲ್ಲಿ ಇರುವುದೇ ಇಲ್ಲ. ಅಲಿಯಿನ್ ಎಂಬ ವಸ್ತು ಒಂದು ಕಡೆ, ಅಲಿಯಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ, ನಡುವೆ ಗೋಡೆ. ಜಜ್ಜಿದಾಗ ಗೋಡೆ ಒಡೆದು ಎರಡೂ ಸೇರುತ್ತವೆ, ಆಗಲೇ ಅಲಿಸಿನ್ ಹುಟ್ಟುವುದು. ಸಿಪ್ಪೆ ಸುಲಿದ ಇಡೀ ಎಸಳನ್ನು ಮೂಸಿ ನೋಡಿ, ವಾಸನೆ ಅಷ್ಟಕ್ಕಷ್ಟೆ. ಒಂದು ಗುದ್ದು ಕೊಟ್ಟರೆ ಪಕ್ಕದ ಮನೆಗೂ ಗೊತ್ತಾಗುತ್ತದೆ. ಕವಾಲಿಟೊ ಮತ್ತು ಬೈಲಿ ಎಂಬ ವಿಜ್ಞಾನಿಗಳು ಅಲಿಸಿನ್ ಅನ್ನು ಬೇರ್ಪಡಿಸಿ ಹೆಸರಿಟ್ಟದ್ದು 1944ರಲ್ಲಿ. ಬಿಸಿ ತಾಗಿದರೆ ಕಿಣ್ವ ಸಾಯುತ್ತದೆ. ಇಡೀ ಎಸಳನ್ನೇ ಕುದಿಯುವ ನೀರಿಗೆ ಹಾಕಿದವನಿಗೆ ಸಿಗುವುದು ಹೆಚ್ಚುಕಡಿಮೆ ಸಾರಿನ ನೀರು. ‘ಕಷಾಯ’ ಅಂತ ಓದಿದವರು ಸಹಜವಾಗಿ ಪಾತ್ರೆ ಒಲೆಗೆ ಇಡುತ್ತಾರೆ. ತಪ್ಪು ಅವರದ್ದಲ್ಲ, ನನ್ನ ಪದದ್ದು.

‘ಸಾರ’ ಅಂದರೆ ಪುಸ್ತಕದ ಮಾತಾಯಿತು. ‘ರಸ’ ಪರವಾಗಿಲ್ಲ, ಆದರೆ ನೀರು ಬೆರೆಸಿದ್ದಕ್ಕೆ ರಸ ಅನ್ನಲು ಮನಸ್ಸು ಒಪ್ಪುತ್ತಿಲ್ಲ. ಪಕ್ಕದ ಮನೆಯ ಅಕ್ಕ ಕೇಳಿ ನಕ್ಕರು: “ಗುದ್ದಿದ ನೀರು ಅಂತ ಬರೀರಿ ಮಾರಾಯ್ರೆ, ಎಂತಕ್ಕೆ ಅಷ್ಟು ತಲೆಬಿಸಿ?” ಸದ್ಯಕ್ಕೆ ಅದೇ ಚೆನ್ನಾಗಿದೆ. ಮಾಡುವ ಕ್ರಮವೂ ಹೆಸರಿನಲ್ಲೇ ಇದೆ.

ಇನ್ನೊಂದು ತಕರಾರು ‘ಜೈವಿಕ’ದ್ದು. ಟ್ರೈಕೋಡರ್ಮಾ ಜೀವ ಇರುವ ಬೂಷ್ಟು. ಮಣ್ಣಿನಲ್ಲಿ ಬೆಳೆದು, ರೋಗ ತರುವ ಬೂಷ್ಟುಗಳನ್ನು ಸುತ್ತಿಕೊಂಡು ತಿನ್ನುತ್ತದೆ. ಅದಕ್ಕೆ ಜೈವಿಕ ನಿಯಂತ್ರಣ ಅನ್ನುವುದು ಸರಿ. ಗುದ್ದಿದ ಬೆಳ್ಳುಳ್ಳಿಯ ನೀರಿನಲ್ಲಿ ಕೆಲಸ ಮಾಡುವುದು ಜೀವಿಯಲ್ಲ, ಗಿಡ ತಯಾರಿಸಿದ ರಾಸಾಯನಿಕ. ಎರಡಕ್ಕೂ ಒಂದೇ ಹೆಸರು ಹಚ್ಚಿದರೆ ಟ್ರೈಕೋಡರ್ಮಾದ ಪೊಟ್ಟಣವನ್ನು ಬಿಸಿಲಲ್ಲಿ ಇಡಬಾರದು, ಅದು ಸಾಯುತ್ತದೆ ಎಂದು ಹೇಳುವುದು ಹೇಗೆ? ಹಾಗಂತ ‘ಸಸ್ಯ ರಾಸಾಯನಿಕ’ ಅಂತ ಬರೆದರೆ ಓದುವವರು ಅಲ್ಲೇ ಕಾಗದ ಮಡಚುತ್ತಾರೆ. ನಮ್ಮಲ್ಲಿ ರಾಸಾಯನಿಕ ಅಂದರೆ ವಿಷ ಅಂತಲೇ ಆಗಿಹೋಗಿದೆ. ‘ಗಿಡಮದ್ದು’ ಹೇಗೆ? ಗಿಡದಿಂದ ಬಂದ ಮದ್ದೋ, ಗಿಡಕ್ಕೆ ಕೊಡುವ ಮದ್ದೋ ಅಂತ ಗೊಂದಲ ಇದೆ. ಇಲ್ಲಿ ಎರಡೂ ನಿಜ ಬಿಡಿ.

ಮದ್ದು ಅಂದಾಗ ನೆನಪಾಯಿತು. ನಮ್ಮ ಕಡೆ ಅಡಿಕೆಗೆ ಮದ್ದು ‘ಬಿಡುವುದು’. ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ದ್ರಾವಣವೂ ಮದ್ದೇ. ಘಟ್ಟದ ಮೇಲೆ ‘ಹೊಡೆಯುತ್ತಾರೆ’. ಕರಪತ್ರದಲ್ಲಿ ‘ಬಿಡುವುದು’ ಅಂತಲೇ ಇಡುತ್ತೇನೆ. ಸುಮ್ನೆ ‘ಸಿಂಪಡಣೆ’ ಯಾಕೆ? ಕಾಫಿಯ ಒಂದು ರೋಗಕ್ಕೆ ಕಾರಣವಾದ ಶಿಲೀಂಧ್ರದ ಲ್ಯಾಟಿನ್ ಹೆಸರಿನೊಳಗೇ ನಮ್ಮ ‘ಕೊಳೆರೋಗ’ ಎಂಬ ಮಾತು 1876ರಲ್ಲೇ ಹೋಗಿ ಕೂತಿದೆ. ಹೆಸರಿಟ್ಟ ವಿಜ್ಞಾನಿಗಳಿಗೆ ನಮ್ಮ ಮಾತು ಸಾಕಾಯಿತು, ನಮಗೆ ಸಾಲದೇ?

ಒಟ್ಟು ನನಗೆ ಬೇಕಾದ್ದು ಎರಡು ಪದ. ಕುದಿಸದೆ, ಜಜ್ಜಿ ನೀರಿಗೆ ಹಾಕಿ ಸೋಸಿದ್ದಕ್ಕೆ ನಿಮ್ಮೂರಲ್ಲಿ ಏನನ್ನುತ್ತೀರಿ? ಗಿಡ ತನ್ನ ರಕ್ಷಣೆಗೆ ಮಾಡಿಕೊಳ್ಳುವ ವಸ್ತುವಿಗೆ ‘ರಾಸಾಯನಿಕ’ ಇಲ್ಲದ ಹೆಸರು ಯಾರಾದರೂ ಬಳಸಿದ್ದೀರಾ? ತುಳುವಿನ ಬೊಳ್ಳುಳ್ಳಿ, ಕೊಂಕಣಿಯ ಲೊಸುಣ್ ಜೊತೆ ಬರುವ ಮಾತಾದರೂ ಆದೀತು.