ಕಾಕಾನ ಟ್ರಂಕಿನಲ್ಲಿ ಸಿಕ್ಕ ಕಾಮಿಕ್ಸ್ ಹಾಳೆಗಳು: ಮೂಲ ಹುಡುಕುವುದು ಹೇಗೆ?

ಕೇಳಿದವರು: ಬ್ರಹ್ಮಪುರ, ಕಲಬುರಗಿ

ನಮ್ಮ ಕಾಕಾ ಮುಂಬೈಯಲ್ಲಿ ಬ್ಲಾಕ್ (ಚಿತ್ರ ಅಚ್ಚು ಹಾಕುವ ಲೋಹದ ಪಡಿಯಚ್ಚು) ಮಾಡುವ ಕಡೆ ಬಹಳ ವರ್ಷ ಕೆಲಸ ಮಾಡಿದವರು. ಹೋದ ವರ್ಷ ತೀರಿಕೊಂಡರು. ಮೊನ್ನೆ ಅವರ ಟ್ರಂಕ್ ತೆಗೆದಾಗ ದಪ್ಪ ಹಾಳೆಯ ಮೇಲೆ ಕಪ್ಪು ಮಸಿಯಲ್ಲಿ ಬರೆದ ನಾಲ್ಕು ಕಾಮಿಕ್ಸ್ ಪುಟ ಸಿಕ್ಕವು. ಗದೆ ಹಿಡಿದ ರಾಜರು, ರಥ, ಕಾಡು. ಬಣ್ಣ ಇಲ್ಲ. ಮಾತಿನ ಗುಳ್ಳೆಗಳಲ್ಲಿ ಕೆಲವು ಖಾಲಿ, ಕೆಲವದರಲ್ಲಿ ಇಂಗ್ಲಿಷ್ ಚೀಟಿ ಅಂಟಿಸಿದ್ದಾರೆ. ಸಹಿ ಎಲ್ಲೂ ಇಲ್ಲ. ಇವು ಕೈಯಿಂದ ಬರೆದ ಮೂಲ ಚಿತ್ರಗಳೇ? ಯಾವ ಪುಸ್ತಕದ್ದು, ಯಾರು ಬರೆದದ್ದು ಅಂತ ಪತ್ತೆ ಮಾಡುವುದು ಹೇಗೆ? ಒಬ್ಬರು ಆಗಲೇ ನಾಲ್ಕಕ್ಕೂ ಸೇರಿಸಿ ಐದು ಸಾವಿರ ಕೊಡ್ತೀನಿ ಅಂದಿದ್ದಾರೆ. ಅವ್ವ ಬೇಡ ಅಂತಾಳೆ. ಇಂಥದ್ದು ಹುಡುಕಿದವರು ಇದ್ದರೆ ದಯವಿಟ್ಟು ಹೇಳಿ.

ಕಲಬುರಗಿ, ಹಳೆ ಕಾಮಿಕ್ಸ್ ಕೂಡಿಡುವವರು

ಅವ್ವ ಹೇಳಿದ್ದು ಸರಿ. ಈಗಲೇ ಕೊಡಬೇಡಿ. ಬೆಲೆಯ ಮಾತು ಆಮೇಲೆ. ಹಾಳೆ ಒಮ್ಮೆ ಮನೆ ಬಿಟ್ಟರೆ ಅದು ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನುವ ಕೊಂಡಿ ಅಲ್ಲಿಗೇ ಕಡಿಯುತ್ತದೆ. ಆ ಕೊಂಡಿ ಈಗ ನಿಮ್ಮ ಮನೆಯಲ್ಲಿ ಮಾತ್ರ ಇದೆ.

ಮೊದಲು ಟ್ರಂಕಿನ ಫೋಟೋ ತೆಗೆಯಿರಿ. ಹಾಳೆಗಳ ಜೊತೆ ಏನೇನಿತ್ತು, ಯಾವ ಕವರಿನಲ್ಲಿತ್ತು, ಯಾವ ಪೇಪರ್ ಸುತ್ತಿದ್ದರು, ಎಲ್ಲವನ್ನೂ. ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. 2009ರಲ್ಲಿ ಇಲ್ಲಿಯ ಒಂದು ರದ್ದಿ ಅಂಗಡಿಯಲ್ಲಿ ನನಗೆ ಎರಡು ಮೂಲ ಹಾಳೆ ಸಿಕ್ಕಿದ್ದವು. ಕಂದು ಬಣ್ಣದ ಕವರಿನೊಳಗೆ ಇದ್ದವು. ಕವರ್ ಹರಿದಿತ್ತು, ಎಸೆದುಬಿಟ್ಟೆ. ಅದರ ಮೇಲೆ ಕಳಿಸಿದವರ ವಿಳಾಸ ಇತ್ತು, ಅಂಚೆ ಮುದ್ರೆ ಇತ್ತು. ಏನು ಬರೆದಿತ್ತು ಅಂತ ನಾನು ಓದಲೇ ಇಲ್ಲ. ಆ ಎರಡು ಹಾಳೆಯ ಊರು ಯಾವುದು ಅಂತ ಇವತ್ತಿಗೂ ಹುಡುಕುತ್ತಿದ್ದೇನೆ. ನಿಮಗೆ ಹಾಗಾಗುವುದು ಬೇಡ.

ಇನ್ನು ಪುಸ್ತಕದ ವಿಷಯ. ಪುರಾಣದ ಕಥೆ, ಮುಂಬೈ ಅಂದ ಕೂಡಲೇ ಎಲ್ಲರೂ ಅಮರ ಚಿತ್ರಕಥೆ ಅಂತಾರೆ. ಇರಬಹುದು. ಆದರೆ ಅದನ್ನೇ ಗಟ್ಟಿ ಮಾಡಿಕೊಂಡು ಕೂರಬೇಡಿ. ಅಮರ ಚಿತ್ರಕಥೆ 1967ರಲ್ಲಿ ಅನಂತ ಪೈ ಅವರ ಸಂಪಾದಕತ್ವದಲ್ಲಿ ಇಂಡಿಯಾ ಬುಕ್ ಹೌಸ್‌ನಿಂದ ಶುರುವಾಯಿತು. ‘ಕೃಷ್ಣ’ ಪುಸ್ತಕದ ಸಂಖ್ಯೆ 11. ಚಿತ್ರ ರಾಮ್ ವಾಯೀರ್ಕರ್ ಅವರದು. ಅದಕ್ಕೂ ಮುಂಚಿನ ಹತ್ತು ಪಾಶ್ಚಾತ್ಯ ಕಥೆಗಳು. ಮುಂದೆ ಮರುಮುದ್ರಣದಲ್ಲಿ ಅದೇ ‘ಕೃಷ್ಣ’ಕ್ಕೆ 501 ಅಂತ ಸಂಖ್ಯೆ ಬಂತು. ಅಂದರೆ ಒಂದೇ ಪುಸ್ತಕಕ್ಕೆ ಎರಡು ಸಂಖ್ಯೆ. ಹಾಳೆಯ ಮೇಲೆ ಒಂದು ಸಂಖ್ಯೆ ಕಂಡಿತು ಅಂತ ಸೀದಾ ಪಟ್ಟಿ ನೋಡಿದರೆ ದಾರಿ ತಪ್ಪುತ್ತದೆ. ಮರುಮುದ್ರಣದಲ್ಲಿ ಮುಖಪುಟ ಬದಲಾಗಿರುವುದೂ ಉಂಟು. ಹಾಗಾಗಿ ಹೋಲಿಸಿ ನೋಡಲು ಆದಷ್ಟು ಹಳೆ ಪ್ರತಿಯೇ ಬೇಕು. ನಮ್ಮ ಕಡೆಯವರಿಗೆ ಹೈದರಾಬಾದ್ ಹತ್ತಿರ. ಭಾನುವಾರ ಆಬಿಡ್ಸ್‌ನ ಫುಟ್‌ಪಾತ್ ಮೇಲೆ ಹಳೆ ಪುಸ್ತಕ ಹರಡುತ್ತಾರೆ. ಬೆಳಿಗ್ಗೆ ಬೇಗ ಹೋಗಿ.

ಒಳಗಿನ ಪುಟ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಅಮರ ಚಿತ್ರಕಥೆಯ ಬಹಳಷ್ಟು ಪುಸ್ತಕಗಳಲ್ಲಿ ಕಲಾವಿದರ ಹೆಸರು ಅಚ್ಚಾಗಿರುತ್ತದೆ. ವಾಯೀರ್ಕರ್, ಪ್ರತಾಪ್ ಮುಳಿಕ್, ಸೌರೆನ್ ರಾಯ್, ದಿಲೀಪ್ ಕದಂ ಹೀಗೆ. ಪುಸ್ತಕ ಸಿಗದೇ ಬರೀ ಗೆರೆಯ ಶೈಲಿ ನೋಡಿ ಗುರುತಿಸಬೇಕು ಅಂದರೆ ಮುಖ ನೋಡಬೇಡಿ. ರಾಜನ ಮುಖ, ರಾಣಿಯ ಮುಖ ಎಲ್ಲರೂ ಒಂದು ಪದ್ಧತಿಯಲ್ಲಿ ಬರೆಯುತ್ತಿದ್ದರು. ಕೈಬೆರಳು ನೋಡಿ. ಕುದುರೆಯ ಹಿಂಗಾಲು, ಮರದ ತೊಗಟೆ, ಬಟ್ಟೆಯ ಮಡಿಕೆ ನೋಡಿ. ಕಲಾವಿದನಿಗೆ ಗೊತ್ತಿಲ್ಲದಂತೆ ಅವನ ರೂಢಿ ಬೀಳುವುದು ಅಲ್ಲಿ. ನಾನು ಹೀಗೆ ಗುರುತಿಸಿದ್ದರಲ್ಲಿ ಎರಡು ಸಲ ತಪ್ಪೂ ಆಗಿದೆ. ಆದ್ದರಿಂದ ಪುಟ ಹೊಂದುವ ತನಕ ಹೆಸರನ್ನು ಪೆನ್ಸಿಲ್‌ನಲ್ಲಿಯೇ ಬರೆದುಕೊಳ್ಳಿ, ಅದೂ ಬೇರೆ ಪುಸ್ತಕದಲ್ಲಿ. ಹಾಳೆಯ ಮೇಲಲ್ಲ.

ಓದುವ ಬೇರೆಯವರಿಗೂ ಒಂದು ಮಾತು. ಇಂದ್ರಜಾಲ ಕಾಮಿಕ್ಸ್ 1964ರಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗದಿಂದ ಬಂತು. ಒಳಗಿನ ಫ್ಯಾಂಟಮ್, ಮ್ಯಾಂಡ್ರೇಕ್ ಕಥೆಗಳು ಅಮೆರಿಕದಲ್ಲಿ ಬರೆದವು. ಆ ಮೂಲ ಹಾಳೆಗಳು ಇಲ್ಲಿ ಹುಟ್ಟಿದ್ದಲ್ಲ. ಇಲ್ಲಿ ಹುಟ್ಟಿದ್ದು ಅಂದರೆ ಮುಖಪುಟಗಳು, ಮತ್ತೆ 1976ರಲ್ಲಿ ಆಬಿದ್ ಸುರತಿ ಸೃಷ್ಟಿಸಿದ, ಗೋವಿಂದ್ ಬ್ರಾಹ್ಮಣಿಯಾ ಚಿತ್ರ ಬರೆದ ‘ಬಹಾದೂರ್’ ತರಹದವು. ‘ಮುಂಬೈ ಪ್ರೆಸ್ಸಿನಿಂದ ಬಂದ ಫ್ಯಾಂಟಮ್ ಮೂಲ ಪುಟ’ ಅಂತ ಯಾರಾದರೂ ತೋರಿಸಿದರೆ ಎರಡು ಸಲ ಯೋಚಿಸಿ.

ಶಹಾಬಾದ್, ಪ್ರೆಸ್ಸಿನಲ್ಲಿ ಕ್ಯಾಮೆರಾ ಕೆಲಸ ಮಾಡಿದವರು

ತಮ್ಮಾ, ನಾನು 24 ವರ್ಷ ಪ್ರೆಸ್ ಕ್ಯಾಮೆರಾದ, ಅಂದರೆ ಅಚ್ಚಿಗೆ ಹೋಗುವ ಚಿತ್ರವನ್ನು ಫಿಲ್ಮಿಗೆ ಇಳಿಸುವ ದೊಡ್ಡ ಕ್ಯಾಮೆರಾದ ಮುಂದೆ ನಿಂತವನು. ನಿಮ್ಮ ಕಾಕಾ ಮಾಡಿದ ಕೆಲಸ ನನಗೆ ಚೆನ್ನಾಗಿ ಗೊತ್ತು. ಚಿತ್ರ ಬಿಟ್ಟು ಅಂಚು ನೋಡು. ಆಮೇಲೆ ಬೆನ್ನು ನೋಡು.

ಚಿತ್ರವನ್ನು ಅಚ್ಚಿಗಿಂತ ದೊಡ್ಡದಾಗಿ ಬರೆಯುತ್ತಿದ್ದರು. ಕ್ಯಾಮೆರಾದಲ್ಲಿ ಸಣ್ಣದು ಮಾಡಿದಾಗ ಗೆರೆಯ ನಡುಕ, ಒರಟು ಎಲ್ಲ ಅಡಗಿ ಚಿತ್ರ ಚೊಕ್ಕ ಕಾಣುತ್ತದೆ. ಎಷ್ಟು ಸಣ್ಣದು ಮಾಡಬೇಕು ಅಂತ ಅಂಚಿನಲ್ಲಿ ಬರೆಯುತ್ತಿದ್ದೆವು. ಶೇಕಡಾ ಲೆಕ್ಕದಲ್ಲಿ, ಇಲ್ಲಾ ಇಷ್ಟು ಇಂಚಿಗೆ ಅಂತ. ಪುಟದ ಸಂಖ್ಯೆ ಇರುತ್ತದೆ. ಕೆಲಸದ ನಂಬರ್ ಇರುತ್ತದೆ. ಮೂಲೆಯಲ್ಲಿ ಪಿನ್ನಿನ ತೂತು, ಟೇಪ್ ಅಂಟಿಸಿದ ಕಲೆ ಇರುತ್ತದೆ, ಬೋರ್ಡಿಗೆ ಹಚ್ಚಿ ನಿಲ್ಲಿಸುತ್ತಿದ್ದೆವಲ್ಲ. ಈ ಗುರುತುಗಳು ಹಾಳೆ ನಿಜವಾಗಿ ಪ್ರೆಸ್ಸಿಗೆ ಬಂದು ಹೋಗಿದೆ ಅಂತ ಹೇಳುತ್ತವೆ.

ತಿಳಿ ನೀಲಿ ಪೆನ್ಸಿಲ್ ಗೆರೆ ಏನಾದರೂ ಇದೆಯಾ ನೋಡು. ಗೆರೆಕೆಲಸಕ್ಕೆ ಬಳಸುವ ಫಿಲ್ಮಿಗೆ ತಿಳಿ ನೀಲಿ ಬಿಳಿಯಂತೆಯೇ ಕಾಣುತ್ತದೆ, ಅಚ್ಚಿಗೆ ಬರುವುದಿಲ್ಲ. ಅದಕ್ಕೇ ಸೂಚನೆಗಳನ್ನು ನೀಲಿಯಲ್ಲಿ ಬರೆಯುತ್ತಿದ್ದರು, ಅಳಿಸುವ ಗೋಜು ಇರಲಿಲ್ಲ. ಕೆಂಪು ಹಾಗಲ್ಲ, ಫಿಲ್ಮಿನಲ್ಲಿ ಕಪ್ಪಾಗಿಯೇ ಬೀಳುತ್ತದೆ. ಚಿತ್ರದ ಮೇಲೆಯೇ ಕೆಂಪು ಪೆನ್ನಿನಲ್ಲಿ ಸೂಚನೆ ಬರೆದಿದ್ದರೆ ಅದು ಕೆಲಸ ಗೊತ್ತಿದ್ದವರು ಬರೆದದ್ದಲ್ಲ, ಆಮೇಲೆ ಯಾರೋ ಬರೆದದ್ದು.

ಒಂದು ಎಚ್ಚರಿಕೆ. ಪ್ರೆಸ್ಸಿನಲ್ಲಿ ಬ್ರೋಮೈಡ್ ಪ್ರಿಂಟ್ ಅಂತ, ಅಂದರೆ ಚಿತ್ರದ ಫೋಟೋ ಪ್ರತಿ, ತೆಗೆಯುತ್ತಿದ್ದೆವು. ಅದೂ ಕಪ್ಪು ಬಿಳುಪು, ಅದೂ ದೊಡ್ಡದು. ಗೊತ್ತಿಲ್ಲದವರು ಮೂಲ ಅಂತಲೇ ನಂಬುತ್ತಾರೆ. ಹಾಳೆಯನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿ. ಬ್ರೋಮೈಡಿನಲ್ಲಿ ಕಪ್ಪು, ಬಿಳಿ ಎರಡೂ ಒಂದೇ ನುಣುಪು. ಕೈಯಿಂದ ಬರೆದ ಚಿತ್ರದಲ್ಲಿ ಮಸಿ ಒಂದು ಕಡೆ ಮಿರುಗುತ್ತದೆ, ಇನ್ನೊಂದು ಕಡೆ ಮಂಕು. ದೊಡ್ಡ ಕಪ್ಪು ಜಾಗದಲ್ಲಿ ಬ್ರಷ್ ಓಡಾಡಿದ ಪಟ್ಟೆ ಕಾಣುತ್ತದೆ. ನಿಬ್ಬು ಒತ್ತಿದ ಕಡೆ ಕಾಗದದಲ್ಲಿ ಸಣ್ಣ ಗೀರು ಇರುತ್ತದೆ. ತಿದ್ದಿದ ಕಡೆ ಬಿಳಿ ಬಣ್ಣ ಉಬ್ಬಿರುತ್ತದೆ, ಅದರ ಕೆಳಗೆ ಮೊದಲು ಬರೆದದ್ದು ಅಡಗಿರುತ್ತದೆ.

ನೆನಪಿಡು. ಮೂಲದಲ್ಲಿ ಅಚ್ಚಿಗಿಂತ ಜಾಸ್ತಿ ಇರಬೇಕು. ಪೆನ್ಸಿಲ್ ಗೆರೆ, ತಿದ್ದುಪಡಿ, ಸೂಚನೆ, ಚೌಕದಾಚೆ ಹೋದ ಬ್ರಷ್ಷಿನ ತುದಿ. ಅಚ್ಚಾದ ಪುಟವನ್ನು ನೋಡಿ ಬರೆದ ನಕಲಿನಲ್ಲಿ ಅಚ್ಚಿನಲ್ಲಿ ಇದ್ದಷ್ಟೇ ಇರುತ್ತದೆ. ನಿನ್ನ ಖಾಲಿ ಗುಳ್ಳೆಗಳಲ್ಲಿ ಅಂಟಿನ ಹಳದಿ ಕಲೆ ಇದೆಯಾ? ಇದ್ದರೆ ಅಲ್ಲಿ ಚೀಟಿ ಇತ್ತು, ಅಂಟು ಒಣಗಿ ಉದುರಿದೆ. ಟ್ರಂಕಿನ ತಳದಲ್ಲಿ ಹುಡುಕು. ಬಿದ್ದ ಚೀಟಿ ಸಿಕ್ಕರೆ ಅದರ ಮಾತೇ ನಿನಗೆ ಕಥೆ ಯಾವುದು ಅಂತ ಹೇಳುತ್ತದೆ.

ಕಲಬುರಗಿ, ಚಿತ್ರಕಲಾ ಶಿಕ್ಷಕಿ

ಸಹಿ ಇಲ್ಲ ಅಂತ ಬೇಸರ ಬೇಡ. ಸಹಿ ಇದ್ದರೂ ಅದೊಂದೇ ಸಾಕ್ಷಿಯಲ್ಲ. ನಮ್ಮ ಊರಿನವರೇ ಆದ ಎಸ್.ಎಂ. ಪಂಡಿತರು 1916ರಲ್ಲಿ ಇಲ್ಲಿ ಹುಟ್ಟಿ ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್, ಕ್ಯಾಲೆಂಡರ್ ಚಿತ್ರಗಳಿಂದ ಹೆಸರಾದವರು. ಒಂದು ಮನೆಯಲ್ಲಿ ಅವರ ಸಹಿ ಇರುವ ದೇವರ ಚಿತ್ರವನ್ನು ಮೂಲ ಅಂತ ಮೂರು ತಲೆಮಾರಿನಿಂದ ಕಾಪಾಡಿದ್ದರು. ನನಗೆ ತೋರಿಸಿದರು. ಭೂತಗನ್ನಡಿ ಹಿಡಿದರೆ ಚಿತ್ರದ ತುಂಬ ಸಣ್ಣ ಸಣ್ಣ ಬಣ್ಣದ ಚುಕ್ಕಿ, ಸಹಿಯೂ ಚುಕ್ಕಿಗಳಲ್ಲೇ ಇತ್ತು. ಕ್ಯಾಲೆಂಡರ್ ಅದು. ಅವರಿಗೆ ಹೇಳುವಾಗ ನನ್ನ ಬಾಯಿ ಒಣಗಿತ್ತು. ಆದರೆ ಹೇಳಲೇಬೇಕಿತ್ತು.

ನಿಮ್ಮದು ಬರೀ ಕಪ್ಪು ಗೆರೆ, ಅದರಲ್ಲಿ ಚುಕ್ಕಿ ಇಲ್ಲ ಅಂದ ಮಾತ್ರಕ್ಕೆ ಮೂಲ ಅಂತ ಆಗುವುದಿಲ್ಲ. ಗೆರೆಚಿತ್ರದ ಅಚ್ಚಿನಲ್ಲೂ ಚುಕ್ಕಿ ಇರುವುದಿಲ್ಲ. ಮೇಲಿನ ಹಿರಿಯರು ಹೇಳಿದ ಓರೆ ಬೆಳಕಿನ ಪರೀಕ್ಷೆಯೇ ಸರಿ. ಇನ್ನೊಂದು ಸುಲಭದ ಕೆಲಸ ಇದೆ. ಅಂಗಡಿಗಳಲ್ಲಿ ನೋಟು ಪರೀಕ್ಷೆ ಮಾಡುವ ನೀಲಿ ದೀಪ ಇರುತ್ತದಲ್ಲ, ಅದರಡಿ ಕತ್ತಲಲ್ಲಿ ಹಿಡಿಯಿರಿ. ನಾಲ್ಕು ಹಾಳೆಯೂ ಒಂದೇ ತರಹ ಕಾಣುತ್ತವಾ, ಒಂದು ಮಾತ್ರ ಬೆಳ್ಳಗೆ ಹೊಳೆಯುತ್ತದಾ ನೋಡಿ. ಹೊಳೆದರೆ ಆ ಕಾಗದ ಬೇರೆ ಅಂತ ಅರ್ಥ.

ಬೀದರ್

ನಾನು ಹೇಳುವುದು ಇಷ್ಟೇ. ಲ್ಯಾಮಿನೇಷನ್ ಮಾಡಿಸಬೇಡಿ. ಹಳೆ ಟೇಪ್ ಕೀಳಬೇಡಿ. ಪೆನ್ಸಿಲ್ ಗೆರೆ ಕೊಳೆ ಅಂತ ಒರೆಸಬೇಡಿ. ಉದುರಿದ ಚೀಟಿಯನ್ನು ಫೆವಿಕಾಲ್ ಹಾಕಿ ಅಂಟಿಸಬೇಡಿ, ಯಾವ ಹಾಳೆಯದು ಅಂತ ಕವರಿನ ಮೇಲೆ ಬರೆದು ಬೇರೆ ಇಡಿ. ನಮ್ಮ ಕಡೆ ಬೇಸಿಗೆ ಗೊತ್ತೇ ಇದೆ. ಕಬ್ಬಿಣದ ಟ್ರಂಕ್ ಮಾಳಿಗೆ ಮೇಲೆ ಇದ್ದರೆ ಒಳಗೆ ಒಲೆ ಇದ್ದಂತೆ. ಕೆಳಗಿನ ಕೋಣೆಯಲ್ಲಿ, ಗೋಡೆಗೆ ತಾಗದಂತೆ, ಆಮ್ಲರಹಿತ ಕಾಗದದ ನಡುವೆ ಮಟ್ಟಸವಾಗಿ ಇಡಿ. ನಾನು ಒಂದು ಚಿತ್ರವನ್ನು ಗೋಡೆಗೆ ಹಾಕಿ ಒಂದೇ ಮಳೆಗಾಲದಲ್ಲಿ ಗೆದ್ದಲಿಗೆ ಕಳೆದುಕೊಂಡೆ.

ಯಾದಗಿರಿ

ನನ್ನ ಅನುಭವ ಕೊಂಡವನದು. ಕೆಲವು ವರ್ಷಗಳ ಹಿಂದೆ ಒಬ್ಬರಿಂದ ಅಮೆರಿಕದ ಒಂದು ಸೂಪರ್‌ಹೀರೋ ಪುಟ ಕೊಂಡೆ. 1962ರದು ಅಂದಿದ್ದರು. ಮೂರು ತಿಂಗಳ ಸಂಬಳ ಹೋಯಿತು. ಆಮೇಲೆ ಓದುತ್ತಾ ಓದುತ್ತಾ ತಿಳಿಯಿತು. ಅಲ್ಲಿ 1967ರ ಸುಮಾರಿನವರೆಗೆ ಚಿತ್ರವನ್ನು ಅಚ್ಚಿನ ಎರಡರಷ್ಟು ದೊಡ್ಡದಾಗಿ ಬರೆಯುತ್ತಿದ್ದರು. ಆಮೇಲೆ 11×17 ಇಂಚಿನ ಬೋರ್ಡಿನಲ್ಲಿ 10×15 ಇಂಚಿನ ಚಿತ್ರ ಅಂತ ಆಯಿತು. ನನ್ನದನ್ನು ಅಳತೆ ಮಾಡಿದೆ. ಸರಿಯಾಗಿ 10×15. ಪುಸ್ತಕ ಹುಟ್ಟಿದಾಗ ಆ ಅಳತೆಯೇ ಚಾಲ್ತಿಯಲ್ಲಿ ಇರಲಿಲ್ಲ. ಪುಟವನ್ನು ಯಾರೋ ಬಹಳ ಚೆನ್ನಾಗಿ ನಕಲು ಮಾಡಿದ್ದರು. ಕೊಳ್ಳುವ ಮುಂಚೆ ಒಂದು ಸ್ಕೇಲ್ ಹಿಡಿದಿದ್ದರೆ ಸಾಕಿತ್ತು.

ಅಳತೆ ಮಾಡುವಾಗ ಉದ್ದ ಅಗಲದ ಪ್ರಮಾಣವನ್ನೂ ನೋಡಿ. ಮೂಲದ ಪ್ರಮಾಣ, ಅಚ್ಚಿನ ಪ್ರಮಾಣ ಒಂದೇ ಇರಬೇಕು. ಯಾವ ಸಂಚಿಕೆಯಲ್ಲಿ ಯಾವ ಕಥೆ, ಯಾರ ಚಿತ್ರ ಅಂತ ತಿಳಿಯಲು ಗ್ರ್ಯಾಂಡ್ ಕಾಮಿಕ್ಸ್ ಡೇಟಾಬೇಸ್, ಬೇರೆಯವರ ಬಳಿ ಇರುವ ಮೂಲ ಹಾಳೆ ನೋಡಲು ಕಾಮಿಕ್ ಆರ್ಟ್ ಫ್ಯಾನ್ಸ್, ಈ ಎರಡೂ ವೆಬ್‌ಸೈಟ್ ನನಗೆ ಬಹಳ ಉಪಯೋಗ ಆಗಿವೆ.

ಇನ್ನೊಂದು ಮಾತು ಹೇಳಲೇಬೇಕು. ಕಾಕಾಗೆ ಇವು ಹೇಗೆ ಬಂದವು ಅಂತ ಮನೆಯಲ್ಲಿ ಕೇಳಿ. ಆ ಕಾಲದಲ್ಲಿ ಅಚ್ಚಾದ ಮೇಲೆ ಮೂಲ ಹಾಳೆಗೆ ಬೆಲೆಯೇ ಇರಲಿಲ್ಲ. ಕೆಲವನ್ನು ಕೊಟ್ಟರು, ಕೆಲವನ್ನು ಬಿಸಾಕಿದರು, ಕೆಲವು ಕದ್ದುಹೋದವು. ಅಮೆರಿಕದಲ್ಲಿ ಕಾಮಿಕ್ಸ್ ಕಲಾವಿದ ಜ್ಯಾಕ್ ಕರ್ಬಿ ತಾವೇ ಬರೆದ ಹಾಳೆಗಳಿಗಾಗಿ ವರ್ಷಗಟ್ಟಲೆ ಪ್ರಕಾಶಕರಾದ ಮಾರ್ವೆಲ್ ಜೊತೆ ಹೋರಾಡಿದರು. 1987ರಲ್ಲಿ ಸಿಕ್ಕಿದ್ದು ಸುಮಾರು 2,000 ಹಾಳೆ, ಅವರು ಬರೆದದ್ದು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಸ್ಪೈಡರ್‌ಮ್ಯಾನ್ ಮೊದಲು ಕಾಣಿಸಿಕೊಂಡ 1962ರ ಸಂಚಿಕೆಗೆ ಸ್ಟೀವ್ ಡಿಟ್ಕೊ ಬರೆದ 24 ಹಾಳೆಗಳನ್ನು 2008ರಲ್ಲಿ ಒಬ್ಬರು ಹೆಸರು ಹೇಳದೆ ಅಲ್ಲಿಯ ಸರ್ಕಾರಿ ಗ್ರಂಥಾಲಯ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಟ್ಟರು. ಈಗ ಅವು ಎಲ್ಲರದೂ ಆಗಿವೆ. ನಿಮ್ಮ ಮನೆಯವರಿಗೆ ನೆನಪಿರುವುದನ್ನು ಇದ್ದದ್ದು ಇದ್ದ ಹಾಗೆ ಬರೆದು, ತಾರೀಕು ಹಾಕಿ, ಹೇಳಿದವರ ಸಹಿ ತೆಗೆದುಕೊಳ್ಳಿ. ಚೆಂದ ಮಾಡಲು ಏನನ್ನೂ ಸೇರಿಸಬೇಡಿ. ಮತ್ತೆ, ಹಾಳೆ ಕೈಯಲ್ಲಿದ್ದರೂ ಅದನ್ನು ಅಚ್ಚು ಹಾಕುವ ಹಕ್ಕು ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಅದು ಕಲಾವಿದ ತೀರಿಕೊಂಡ ನಂತರವೂ 60 ವರ್ಷ ಇರುತ್ತದೆ.

ಕೇಳಿದವರು, ಮೂರು ವಾರದ ನಂತರ

ಎಲ್ಲರಿಗೂ ಶರಣು. ಮೊದಲು ಕಾಕುನ ಹತ್ತಿರ ಕೂತೆ. ಕಾಕಾ ದೀಪಾವಳಿಗೆ ಊರಿಗೆ ಬಂದಾಗ ಹಾಳೆಗಳನ್ನು ತಂದರಂತೆ. ಅಚ್ಚಾದ ಮೇಲೆ ಮೂಲೆಯಲ್ಲಿ ಬಿದ್ದಿದ್ದವು, ಯಜಮಾನರನ್ನು ಕೇಳಿ ತಂದೆ ಅಂದಿದ್ದರಂತೆ. ಕಾಕು ಹೇಳಿದ್ದನ್ನು ಹಾಗೇ ಬರೆದು ಅವರ ಸಹಿ ತೆಗೆದುಕೊಂಡೆ. ವರ್ಷ ಅವರಿಗೆ ನೆನಪಿಲ್ಲ. ದೊಡ್ಡ ಮಗ ತೊಟ್ಟಿಲಲ್ಲಿದ್ದ ಅಂದರು. ಅವನು ಹುಟ್ಟಿದ್ದು 1974.

ಅಂಚಿನಲ್ಲಿ ಶೇಕಡಾ ಲೆಕ್ಕ ಇದೆ, ನೀಲಿ ಗೆರೆ ಇದೆ. ಟ್ರಂಕಿನ ತಳದಲ್ಲಿ ಎರಡು ಚೀಟಿ ಸಿಕ್ಕವು. ಒಂದರಲ್ಲಿ ಭೀಮನ ಹೆಸರಿತ್ತು. ಮಹಾಭಾರತದ ಪುಸ್ತಕಗಳನ್ನಷ್ಟೇ ಹುಡುಕಿದೆ. ಪಕ್ಕದ ಓಣಿಯ ಮೇಷ್ಟ್ರೊಬ್ಬರು ಕನ್ನಡದ ಹಳೆ ಸಂಚಿಕೆಗಳನ್ನು ಬೈಂಡ್ ಮಾಡಿಸಿ ಇಟ್ಟಿದ್ದರು. ಅದರಲ್ಲಿ ಮೂರು ಪುಟ ಗೆರೆಗೆ ಗೆರೆ ಹೊಂದಿದವು. ಎರಡನೇ ಹಾಳೆಯಲ್ಲಿ ಗದೆ ಎತ್ತಿದ ತೋಳಿನ ಮೇಲೆ ಬಿಳಿ ಬಣ್ಣ ಇದೆ. ಬೆಳಕಿಗೆ ಹಿಡಿದರೆ ಕೆಳಗೆ ಇನ್ನೊಂದು ತೋಳು, ಕೆಳಗಿಳಿದ ಗದೆ. ಪುಸ್ತಕದಲ್ಲಿ ಇರುವುದು ಎತ್ತಿದ ತೋಳು ಮಾತ್ರ. ಅದನ್ನು ನೋಡಿ ಮೇಷ್ಟ್ರೂ ನಾನೂ ಸುಮಾರು ಹೊತ್ತು ಮಾತೇ ಆಡಲಿಲ್ಲ.

ನಾಲ್ಕನೆಯದು ಆ ಪುಸ್ತಕದ್ದಲ್ಲ. ನೀಲಿ ದೀಪದಡಿ ಅದರ ಕಾಗದವೂ ಬೇರೆಯೇ ಕಾಣುತ್ತದೆ. ಆರು ಚೌಕ ಇವೆ. ಎಡಗಡೆ ಕೆಳಗಿನದರಲ್ಲಿ ನದಿ ದಾಟುವ ಆನೆ, ಅದರ ಮೇಲೆ ಕೈಯಲ್ಲಿ ಪಂಜು ಹಿಡಿದ ಹುಡುಗ. ಯಾರ ಬಳಿಯಾದರೂ ಹಳೆ ಸಂಚಿಕೆಗಳಿದ್ದರೆ ಒಮ್ಮೆ ತಿರುವಿ ನೋಡ್ತೀರಾ?