ಮಗ ಪ್ಲೆಜ್‌ಗೆ ಎದ್ದು ನಿಲ್ಲುವುದಿಲ್ಲವಂತೆ, ಏನು ಮಾಡಲಿ?

ಆಸ್ಟಿನ್ ಅಮ್ಮ: ಎಲ್ಲರಿಗೂ ನಮಸ್ಕಾರ. ಮಗ ಎಂಟನೇ ಕ್ಲಾಸು, ಸರ್ಕಾರಿ ಶಾಲೆ. ಬೆಳಿಗ್ಗೆ ಅಮೆರಿಕದ ಧ್ವಜದ ಪ್ಲೆಜ್ (ನಿಷ್ಠೆಯ ಪ್ರತಿಜ್ಞೆ) ಹೇಳುವಾಗ ಕೂತೇ ಇರುತ್ತಾನಂತೆ. ಕೇಳಿದರೆ "ಅದು ನನ್ನ ಹಕ್ಕು" ಎನ್ನುತ್ತಾನೆ. ಟೀಚರ್ ಮೇಲ್ ಹಾಕಿದ್ದಾರೆ. ನಾವಿನ್ನೂ ಕೆಲಸದ ವೀಸಾದಲ್ಲಿದ್ದೇವೆ, ಎಚ್‌1ಬಿ. ಶಾಲೆಯವರು ಏನಾದರೂ ಮಾಡಬಹುದಾ?

ಸಿಯಾಟಲ್ ಹಾಸನದವ: ಬಲವಂತ ಮಾಡುವ ಹಾಗಿಲ್ಲ ಅಕ್ಕ. 1943ರ ಬಾರ್ನೆಟ್ ಕೇಸಿನಲ್ಲೇ ಇಲ್ಲಿನ ಸುಪ್ರೀಂ ಕೋರ್ಟ್ ಹೇಳಿಯಾಗಿದೆ, ಅದೂ ಮಹಾಯುದ್ಧದ ಮಧ್ಯೆ. ಪೌರತ್ವದ ಪ್ರಶ್ನೆ ಅಲ್ಲಿ ಬರುವುದಿಲ್ಲ. ಆದರೆ ಟೆಕ್ಸಾಸ್ ಕಾನೂನಿನಲ್ಲಿ ಒಂದು ಕೊಕ್ಕೆ ಇದೆ. ವಿನಾಯಿತಿಗೆ ಅಪ್ಪ ಅಥವಾ ಅಮ್ಮ ಬರೆದು ಕೊಡಬೇಕು. ಎರಡು ಸಾಲು ಸಾಕು.

ನ್ಯೂಜೆರ್ಸಿ ರಾಯರು: ಪತ್ರಗಿತ್ರ ಏನೂ ಬೇಡ! ಗ್ರೀನ್ ಕಾರ್ಡ್ ಬರುವವರೆಗೆ ಸುಮ್ನೆ ಇರಿ. 2025ರಲ್ಲಿ ಬರೆದಿದ್ದಕ್ಕೆ, ಮಾತಾಡಿದ್ದಕ್ಕೆ ವಿದ್ಯಾರ್ಥಿಗಳ ವೀಸಾ ರದ್ದಾಗಿದ್ದು ನೋಡಲಿಲ್ವಾ? ನನ್ನ ಮಕ್ಕಳಿಬ್ಬರೂ ಈಗ ಡಾಕ್ಟರು. ಒಂದು ದಿನವೂ ಟೀಚರ್‌ಗೆ ಎದುರು ಹೇಳಿದವರಲ್ಲ.

ಮೈಸೂರಿಗೆ ವಾಪಸಾದವಳು: ಕೇರಳದಲ್ಲಿ 1985ರಲ್ಲಿ ಮೂವರು ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಂತರು, ಹಾಡಲಿಲ್ಲ. ಶಾಲೆ ಹೊರಗೆ ಹಾಕಿತು. ಮರುವರ್ಷ ನಮ್ಮ ಸುಪ್ರೀಂ ಕೋರ್ಟ್ ವಾಪಸ್ ಸೇರಿಸಿಕೊಳ್ಳಿ ಎಂದಿತು. ಎದ್ದು ನಿಂತಿದ್ದರು ಅನ್ನುವುದೂ ಅಲ್ಲಿ ಲೆಕ್ಕಕ್ಕೆ ಬಂತು. ಹಾಗಂತ ಊರಿಗೆ ಬಂದರೆ ಎಲ್ಲ ಸಿಗುತ್ತೆ ಅಂದುಕೊಳ್ಳಬೇಡಿ. ನನ್ನ ಮಗಳು ಓಸಿಐ, ಅಂದರೆ ಭಾರತೀಯ ಮೂಲದ ವಿದೇಶಿ ಪ್ರಜೆ. ನಮ್ಮ ಸಂವಿಧಾನದಲ್ಲಿ ಜೀವ, ಸ್ವಾತಂತ್ರ್ಯ ಕಾಯುವ 21ನೇ ವಿಧಿ ಎಲ್ಲರಿಗೂ ಇದೆ. ಮಾತಿನ ಹಕ್ಕು ಕೊಡುವ 19ನೇ ವಿಧಿ ನಾಗರಿಕರಿಗೆ ಮಾತ್ರ.

ನ್ಯೂಜೆರ್ಸಿ ರಾಯರು: 1976ರ ತುರ್ತು ಪರಿಸ್ಥಿತಿಯಲ್ಲಿ ಆ 21 ಎಲ್ಲಿ ಹೋಗಿತ್ತಮ್ಮ? ನಮ್ಮ ದೊಡ್ಡಪ್ಪನನ್ನು ವಿಚಾರಣೆಯಿಲ್ಲದೆ ಬಂಧಿಸುವ ಮೀಸಾ ಕಾಯ್ದೆಯಲ್ಲಿ ಒಳಗೆ ಹಾಕಿದ್ದರು. ಸುಪ್ರೀಂ ಕೋರ್ಟೇ ಕೈ ಚೆಲ್ಲಿತು, ನ್ಯಾಯಮೂರ್ತಿ ಖನ್ನಾ ಒಬ್ಬರನ್ನು ಬಿಟ್ಟು. ಹಕ್ಕು ಎಲ್ಲ ಪುಸ್ತಕದಲ್ಲಿ. ಅದಕ್ಕೇ ನಾನು ದೇಶ ಬಿಟ್ಟಿದ್ದು.

ಮೈಸೂರಿಗೆ ವಾಪಸಾದವಳು: ಅದು ಹಳೇ ಕಥೆ ಸರ್. 1978ರ 44ನೇ ತಿದ್ದುಪಡಿ ಆದಮೇಲೆ ತುರ್ತು ಪರಿಸ್ಥಿತಿಯಲ್ಲೂ 20, 21ನ್ನು ಮುಟ್ಟುವಂತಿಲ್ಲ.

ಟೊರೊಂಟೊ ಹುಬ್ಬಳ್ಳಿಯವ: ಕೆನಡಾಗೆ ಬನ್ನಿ, ಪ್ಲೆಜ್ ಗೋಳೇ ಇಲ್ಲ! ಆದರೆ ಇಲ್ಲಿನ ಸಂವಿಧಾನದಲ್ಲಿ ಸೆಕ್ಷನ್ 33 ಅಂತ ಒಂದಿದೆ. ಶಾಸನಸಭೆ ಮನಸ್ಸು ಮಾಡಿದರೆ ಕೆಲವು ಹಕ್ಕುಗಳನ್ನು ಐದು ವರ್ಷ ಪಕ್ಕಕ್ಕಿಡಬಹುದು, ಆಮೇಲೆ ಮತ್ತೆ ಮುಂದುವರಿಸಬಹುದು. ಕ್ವಿಬೆಕ್ ಪ್ರಾಂತ್ಯ 2019ರಲ್ಲಿ ಅದನ್ನು ಬಳಸಿಯೇ ಹೊಸ ಟೀಚರ್‌ಗಳು ಕೆಲಸದಲ್ಲಿ ಹಿಜಾಬ್, ಪಗಡಿ ಹಾಕಬಾರದು ಅಂತ ಕಾನೂನು ಮಾಡಿತು.

ಆಸ್ಟಿನ್ ಅಮ್ಮ: ಎಲ್ಲರಿಗೂ ಥ್ಯಾಂಕ್ಸ್. ಪತ್ರ ಟೀಚರ್‌ಗೆ ಕೊಡಬೇಕಾ, ಪ್ರಿನ್ಸಿಪಾಲರಿಗಾ? ಅದೊಂದು ಯಾರಾದರೂ ಹೇಳಿ.

ನ್ಯೂಜೆರ್ಸಿ ರಾಯರು: ಅದಿರಲಿ ತಾಯಿ, ಗ್ರೀನ್ ಕಾರ್ಡ್ ಸರದಿಯಲ್ಲಿ ನಿಮ್ಮ ಪ್ರಯಾರಿಟಿ ಡೇಟ್ ಯಾವಾಗಿನದು?